ಬುರ್ಮಕಾನ್ ಮುಗಿಸದ ಊಟ

ಜುಲೈ ತಿಂಗಳಲ್ಲಿ ನಾನು ತೊಕ್ತೊಸುನ್ ಮೇಲೆ ಬಕೆಟ್ ಎಸೆದದ್ದು ನಿಜ. ಊರೇ ನೋಡಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನು ಮೇಲಿನ ಊರಿನ ಕಿರ್ಗಿಜ್, ಕಾಲುವೆಯ ನೀರುಗಂಟಿ. ಬೆಟ್ಟದಿಂದ ಇಳಿಯುವ ನೀರು ಅವರ ಊರು ದಾಟಿಯೇ ನಮ್ಮ ಊರಿಗೆ ಬರಬೇಕು, ತೂಬಿನ ಬೀಗದ ಕೈ ಅವನ ಸೊಂಟದಲ್ಲಿ. ನಮ್ಮ ಸರದಿಯ ದಿನವೇ ತೂಬು ಮುಚ್ಚಿ ಮನೆಗೆ ಹೋಗಿ ಮಲಗಿದ್ದ. ನನ್ನ ಟೊಮೆಟೊ ಸಾಲುಗಳೆಲ್ಲ ಬಾಡಿ ನೆಲಕ್ಕೆ ಬಿದ್ದವು. ಕೇಳಲು ಹೋದರೆ, "ಬೆಟ್ಟದಲ್ಲಿ ಹಿಮ ಕಡಿಮೆ ಅಕ್ಕ, ನಾನೇನ್ ಉಚ್ಚೆ ಹೊಯ್ದು ಕಾಲುವೆ ತುಂಬಿಸ್ಲಾ" ಅಂದ. ಬಕೆಟ್ ಅವನ ಭುಜಕ್ಕೆ ತಾಗಿತು. ಖಾಲಿ ಬಕೆಟ್, ಅದೊಂದು ಪುಣ್ಯ.

ಆಗಸ್ಟ್ ಕೊನೆಯಲ್ಲಿ ಅದೇ ಬೆಟ್ಟದಿಂದ ಯಾರಿಗೂ ಬೇಡದಷ್ಟು ನೀರು ಬಂತು. ಮೇಲೆಲ್ಲೋ ಎರಡು ದಿನ ಮಳೆ ಸುರಿದು, ಕಣಿವೆಯ ಮಣ್ಣು, ಕಲ್ಲು, ಮರ ಎಲ್ಲ ಕಲಸಿಕೊಂಡು ಇಳಿದು ಮೇಲಿನ ಊರಿನ ಹದಿನಾಲ್ಕು ಮನೆಗಳೊಳಗೆ ನುಗ್ಗಿತು. ಹಗಲು ಹೊತ್ತು, ಜನ ಗುಡ್ಡ ಹತ್ತಿ ಬದುಕಿಕೊಂಡರು. ಎರಡು ದಿನ ಗುಡ್ಡದ ಮೇಲೆಯೇ ಇದ್ದು, ದಾರಿ ಬಿಟ್ಟ ಮೇಲೆ ಕೆಳಗಿಳಿದರು. ಅವರು ಇಳಿದರೆ ಮೊದಲು ಸಿಗುವುದು ನಮ್ಮ ಊರು, ಊರಲ್ಲಿ ಮೊದಲು ಸಿಗುವುದು ನಮ್ಮ ಪ್ರಾರ್ಥನಾಮಂದಿರ.

ನಾವು ಜರ್ಮನ್ ಮೂಲದ ಬ್ಯಾಪ್ಟಿಸ್ಟ್ ಸಭೆಯವರು. ಮಂದಿರದ ಪಕ್ಕದಲ್ಲೇ ಮದುವೆಗೆ, ಸುಗ್ಗಿಯ ಹಬ್ಬಕ್ಕೆ ಅಂತ ಒಂದು ದೊಡ್ಡ ಊಟದ ಹಾಲ್ ಇದೆ. ಸಭೆಯ ಹಿರಿಯ ಸಹೋದರ ಅಬ್ರಾಮ್ ಯಾರನ್ನೂ ಕೇಳದೆ ಅದರ ಬಾಗಿಲು ತೆಗೆದ. ಆಮೇಲೆ ಸಭೆಯ ಸಹೋದರಿಯರಿಗೆಲ್ಲ ಫೋನ್ ಮಾಡಿ, ಎಪ್ಪತ್ತು ಜನರಿಗೆ ಅಡುಗೆಯಾಗಬೇಕು ಅಂದ.

ಆ ಅಡುಗೆ ಮಾಡಿದ್ದು ನಾನು. ಅವರು ಮುಸ್ಲಿಮರು, ಹಂದಿಮಾಂಸ ಮುಟ್ಟುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಆ ಹಾಲ್‌ನ ಪಾತ್ರೆಗಳಲ್ಲಿ ಮೂವತ್ತು ವರ್ಷದಿಂದ ಬೆಂದದ್ದು ಹಂದಿಯೇ. ಬೂದಿ ಹಾಕಿ ಒಂದು ಸಲ, ಸೋಡಾ ಹಾಕಿ ಎರಡು ಸಲ ಉಜ್ಜಿದೆ, ಉಗುರು ಕಿತ್ತು ಬರುವ ಹಾಗೆ. ನನ್ನ ಮನೆಯ ಆರು ಕೋಳಿ ಕೊಯ್ದು ಶಾವಿಗೆ ಸಾರು ಮಾಡಿದೆ. ಹುರಿದ ಆಲೂಗಡ್ಡೆ, ಬೆಣ್ಣೆ, ಬಿಸಿ ರೊಟ್ಟಿ. ಎರಡು ಉದ್ದ ಮೇಜು ತುಂಬಿ ಕೂತರು. ಅಬ್ರಾಮ್ ಎದ್ದು ಪ್ರಾರ್ಥನೆ ಮಾಡಿದ. ಅವನದು ಯಾವಾಗಲೂ ಉದ್ದ. ಪ್ರವಾಹದಿಂದ ಶುರುಮಾಡಿ ನೋಹನ ನಾವೆಯವರೆಗೆ ಹೋಗಿ ಬಂದು "ಆಮೆನ್" ಅಂದ. ಕಣ್ಣು ಬಿಟ್ಟು ನೋಡಿದರೆ ಅಷ್ಟೂ ಜನ ಎದ್ದು ನಿಂತಿದ್ದಾರೆ. ಅವರಲ್ಲಿ ಹಿರಿಯಳಾದ ಮುದುಕಿ ಎರಡೂ ಅಂಗೈಯಿಂದ ಮುಖ ಸವರಿಕೊಂಡು ನಮಗೆ ಕೈ ಎದೆಗಿಟ್ಟು ವಂದಿಸಿದಳು. ಉಳಿದವರೂ ಹಾಗೇ ಮಾಡಿ ತಮ್ಮ ತಮ್ಮ ಮೂಲೆಗೆ ಹೋದರು. ಒಂದು ರೊಟ್ಟಿ ಮುರಿದಿರಲಿಲ್ಲ. ಸಾರಿನ ಮೇಲೆ ಹಬೆ ಆಡುತ್ತಿತ್ತು.

ನನಗೆ ಬಂದ ಸಿಟ್ಟು ಆ ಪಾತ್ರೆಗೇ ಗೊತ್ತು. ಪಾತ್ರೆಯ ವಾಸನೆ ಹಿಡಿದಿರಬೇಕು ಅಂತ ಒಬ್ಬ ಸಹೋದರಿ ಅಂದಳು. ಹೌದು, ಹಂದಿ, ಹಂದಿಯೇ, ಅಂತ ಎಲ್ಲರೂ ಪಿಸುಗುಟ್ಟಿದರು. ಅಬ್ರಾಮ್ ಮಾರನೆಯ ದಿನ ಪೇಟೆಯಿಂದ ಹೊಸ ದೊಡ್ಡ ಕಡಾಯಿ ತಂದು ಅಂಗಳದಲ್ಲಿ ಒಲೆ ಹೂಡಿಸಿದ. ಸಾಮಾನು ನಾವು ಕೊಡುವುದು, ಅಡುಗೆ ಅವರೇ ಮಾಡಿಕೊಳ್ಳುವುದು. ಅಂದಿನಿಂದ ಅವರ ಊಟ ಅವರಿಗೆ, ನಮ್ಮ ಊಟ ನಮಗೆ.

ಹಾಲ್‌ನಲ್ಲಿ ಜಾಗ ಸಾಲಲಿಲ್ಲ. ಮುದುಕರನ್ನೂ ಬಸುರಿಯರನ್ನೂ ಮನೆಗಳಲ್ಲಿ ಇರಿಸಿಕೊಳ್ಳಬೇಕು ಅಂತ ತೀರ್ಮಾನವಾಯಿತು. ನನ್ನ ಗಂಡ ಕೊರ್ನೇಯ್ ಟ್ರ್ಯಾಕ್ಟರ್‌ನ ಟ್ರೈಲರ್‌ನಲ್ಲಿ ಒಂದು ಸಂಸಾರ ಕೂರಿಸಿಕೊಂಡು ಬಂದ. ಏಳು ತಿಂಗಳ ಬಸುರಿ ಜೂರಾ, ಅವಳ ಅತ್ತೆ ಬುರ್ಮಕಾನ್. ಹಾಲ್‌ನಲ್ಲಿ ಮೊದಲು ಮುಖ ಸವರಿಕೊಂಡ ಮುದುಕಿಯೇ ಈ ಬುರ್ಮಕಾನ್. ಅವರ ಹಿಂದೆ ಕಂಬಳಿ ಹೊದ್ದು ಇಳಿದವನು ತೊಕ್ತೊಸುನ್.

ನಾನು ಕೊರ್ನೇಯ್‌ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೆ.

"ಎಪ್ಪತ್ತು ಜನದಲ್ಲಿ ಇವನೇ ಸಿಕ್ಕಿದ್ನಾ ನಿನಗೆ?"

"ಅವನ ಹೆಂಡ್ತಿ ಬಸುರಿ."

"ಬಸುರಿ ಇರ್ಲಿ. ಮುದುಕಿ ಇರ್ಲಿ. ಇವನು ಹಾಲ್‌ನಲ್ಲಿ ಬಿದ್ಕೊಳ್ಲಿ."

"ನೀನೇ ಹೋಗಿ ಹೇಳು. ಬಕೆಟ್ ಬೇಕಾದ್ರೆ ಅಲ್ಲಿದೆ," ಅಂತ ಹೇಳಿ ಅವನು ಟ್ರ್ಯಾಕ್ಟರ್ ಕಡೆ ಹೋದ.

ಅಂಗಳದಾಚೆ ಇರುವ ಬೇಸಿಗೆಯ ಅಡುಗೆಮನೆಯನ್ನು ಅವರಿಗೆ ಬಿಟ್ಟುಕೊಟ್ಟೆವು. ನನ್ನ ಅತ್ತೆ ಸಾರಾಗೆ ಸೊಂಟದ ಮೂಳೆ ಮುರಿದು ವರ್ಷವಾಗಿತ್ತು. ಆಮೇಲೆ ಮಂದಿರಕ್ಕೂ ಹೋಗಿರಲಿಲ್ಲ. ಅವಳಿಗೆ ಮಾತ್ರ ಜಾತ್ರೆ ಬಂದ ಹಾಗಾಯಿತು. ಹಳೆಯ ಸಾಮೂಹಿಕ ಜಮೀನಿನಲ್ಲಿ ಕಿರ್ಗಿಜ್ ಹೆಂಗಸರ ಜೊತೆ ಬೀಟ್ರೂಟ್ ಕಿತ್ತವಳು ಅವಳು, ಅವರ ಮಾತು ಬರುತ್ತಿತ್ತು; ಉಳಿದ ನಾವು ಅವರ ಜೊತೆ ರಷ್ಯನ್‌ನಲ್ಲೇ ಮಾತಾಡುವುದು. ದಿನಾ ಬೆಳಿಗ್ಗೆ ತನ್ನ ಕುರ್ಚಿಯನ್ನು ಬೇಸಿಗೆ ಅಡುಗೆಮನೆಯ ಬಾಗಿಲಿಗೆ ಹಾಕಿಸಿಕೊಳ್ಳುವಳು. ಬುರ್ಮಕಾನ್ ಕೆಸರಿನಿಂದ ಎತ್ತಿ ತಂದ ಹಾಸಿಗೆಗಳನ್ನು ಬಿಚ್ಚಿ, ಒಳಗಿನ ಉಣ್ಣೆಯನ್ನು ಕಾಲುವೆಯಲ್ಲಿ ತೊಳೆದು, ನನ್ನ ಬೇಲಿಯ ಮೇಲೆ ಒಣಹಾಕಿ, ಎರಡು ಬೆತ್ತ ಹಿಡಿದು ಹೊಡೆದು ಹಿಂಜುವಳು. ಅತ್ತೆ ಕೂತಲ್ಲೇ ಉಣ್ಣೆ ಬಿಡಿಸುವಳು. ಜುಲೈನಲ್ಲಿ ಬಾಡಿದ್ದರಲ್ಲಿ ಉಳಿದುಕೊಂಡ ಟೊಮೆಟೊವನ್ನು ನಾನು ಚಳಿಗಾಲಕ್ಕೆ ಬಾಟಲಿಗೆ ತುಂಬುವ ಕಾಲ ಅದು. ಬಾಟಲಿಗಳ ಮೇಲೆಲ್ಲ ಉಣ್ಣೆಯ ಎಳೆ.

ಒಂದು ಮಧ್ಯಾಹ್ನ ಹಿಟ್ಟಿನ ಪಟ್ಟಿ ಕರಿದು ಕಲ್ಲಂಗಡಿ ಕತ್ತರಿಸಿದ್ದೆ. ಒಂದು ತಟ್ಟೆ ಅವರ ಹೊಸ್ತಿಲಲ್ಲಿಟ್ಟೆ. ಸಂಜೆ ತಟ್ಟೆ ತೊಳೆದು ಬಂತು, ಅದರ ತುಂಬ ಅವರದೇ ಕರಿದ ಹಿಟ್ಟಿನ ತುಂಡುಗಳು. ನಾನು ಮಾಡಿದ್ದನ್ನು ಬಿಸಾಕಿ ಅವರದನ್ನು ಕಳಿಸಿದ್ದಾರೆ ಅಂದುಕೊಂಡೆ. ಅಷ್ಟನ್ನೂ ಕೋಳಿಗಳಿಗೆ ಹಾಕಿದೆ. ಜೂರಾ ಕಿಟಕಿಯಿಂದ ನೋಡಿದಳೋ ಏನೋ. ಆಗ ನೋಡಿದ್ದರೂ ನನಗೆ ಲೆಕ್ಕವಿರಲಿಲ್ಲ.

ಕೊರ್ನೇಯ್ ದಿನಾ ತಿಂಡಿ ಆದ ಕೂಡಲೇ ಮೇಲಿನ ಊರಿಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ತೊಕ್ತೊಸುನ್ ಜೊತೆ ಸೇರಿ ಅವನ ಮನೆಯ ಕೆಸರು ತೆಗೆಯುವುದು. ಇಬ್ಬರೂ ಸಂಜೆ ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು ಜುಲೈ ತಿಂಗಳ ನೀರಿನ ಜಗಳ ಆಡುತ್ತಲೇ ಬರುತ್ತಿದ್ದರು. ಎರಡು ಗಂಟೆ ಮುಚ್ಚಿದ್ದು ಅಂತ ತೊಕ್ತೊಸುನ್, ಅರ್ಧ ದಿನ ಅಂತ ಕೊರ್ನೇಯ್. ಕೆಲಸ ಮಾತ್ರ ಒಂದು ದಿನ ನಿಲ್ಲಲಿಲ್ಲ. ಇತ್ತ ನನ್ನ ಆಲೂಗಡ್ಡೆ ನೆಲದಲ್ಲೇ ಇತ್ತು. ನಾನು, ಮಗಳು ಇರ್ಮಾ ಇಬ್ಬರೇ ಅಗೆದೆವು.

ಈ ಇರ್ಮಾಳ ಮದುವೆಯೇ ನನ್ನ ತಲೆನೋವು. ಒಬ್ಬಳೇ ಮಗಳು. ಸೆಪ್ಟೆಂಬರ್ ಕೊನೆಯ ಶನಿವಾರಕ್ಕೆ ವಸಂತದಲ್ಲೇ ದಿನ ಗೊತ್ತಾಗಿತ್ತು. ಹುಡುಗ ವಿಲ್ಲಿ ರಾಜಧಾನಿ ಬಿಷ್ಕೆಕ್ ಕಡೆಯ ಸಭೆಯವನು, ಅವರ ಕಡೆಯಿಂದಲೇ ಎಂಬತ್ತು ಜನ. ಇಷ್ಟು ಮಂದಿಗೆ ಊಟ ಹಾಕಲು ನಮ್ಮ ಸೀಮೆಯಲ್ಲಿ ಇರುವುದು ಅದೊಂದೇ ಹಾಲ್. ಮನೆ ಕಳೆದುಕೊಂಡವರಿಗೆ ಸೆಪ್ಟೆಂಬರ್ ಹತ್ತರೊಳಗೆ ಮರದ ಮನೆಗಳು ಬರುತ್ತವೆ ಅಂದಿದ್ದರು ಸರ್ಕಾರದವರು. ಬರಲಿಲ್ಲ. ಅಲ್ಲಿಯವರೆಗೆ ಆಟದ ಮೈದಾನದಲ್ಲಿ ಡೇರೆ ಹಾಕಿಕೊಡುತ್ತೇವೆ ಅಂದರು.

ನಮ್ಮಲ್ಲಿ ಯಾವ ವಿಷಯವೂ ಹಿರಿಯನೊಬ್ಬನ ಮಾತಿಗೆ ನಡೆಯುವುದಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ದೀಕ್ಷಾಸ್ನಾನ ಆದವರು ಮಾತ್ರ ಉಳಿದು, ಬಾಗಿಲು ಮುಚ್ಚಿ, ಕೈ ಎತ್ತಿ ತೀರ್ಮಾನಿಸುತ್ತೇವೆ. ಹಾಲ್‌ನಲ್ಲಿದ್ದವರನ್ನು ಡೇರೆಗೆ ಕಳಿಸುವುದೋ ಬೇಡವೋ ಅನ್ನುವುದು ಮುಂದಿನ ಭಾನುವಾರದ ಸಭೆಗೆ ಬಂತು. ಸಭೆಯಲ್ಲಿ ಅರ್ಧ ಜನ ಬೇಸತ್ತಿದ್ದರು. ಕಕ್ಕಸು ತುಂಬಿದೆ, ಗೋಡೆಯ ಹಿಂದೆ ಗಂಡಸರು ಸಿಗರೇಟು ಸೇದುತ್ತಾರೆ, ನಾವು ಕೊಟ್ಟದ್ದನ್ನು ಬಾಯಿಗಿಡದವರಿಗೆ ಇನ್ನೆಷ್ಟು ದಿನ ಅನ್ನುವ ಮಾತು. ಕಳಿಸಲು ಕೈ ಎತ್ತುವವರಲ್ಲಿ ನಾನೇ ಮೊದಲನೆಯವಳು ಅಂತ ಮನೆಯಲ್ಲಿ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದ ಇರ್ಮಾ ಚಾಕು ಕೆಳಗಿಟ್ಟಳು.

"ನನ್ನ ಮದುವೆ ಹೆಸರಲ್ಲಿ ಜನಾನ ಹೊರಗೆ ಹಾಕ್ಬೇಡಮ್ಮ. ಅಂಗಳದಲ್ಲೇ ಮಾಡು."

"ಎಂಬತ್ತು ಜನ ಬೀಗರನ್ನ ಕೊಟ್ಟಿಗೇಲಿ ಕೂರಿಸ್ಲಾ? ಹಸು ಜೊತೆ ಹಾಡ್ತಾರಾ?"

"ವಿಲ್ಲಿಗೆ ಹೇಳಿದೀನಿ. ಅವನಿಗೇನೂ ಇಲ್ಲ."

"ಅವನಿಗೇನೂ ಇರಲ್ಲ. ಅವನಮ್ಮನಿಗೆ ಇರತ್ತೆ. ಸಾಯೋವರೆಗೂ ನನಗೆ ಹೇಳ್ಕೊಂಡು ತಿರುಗ್ತಾಳೆ."

"ಹಾಗಾದ್ರೆ ಇದು ನಿನ್ನ ಮದುವೆ. ನೀನೇ ಮಾಡ್ಕೋ," ಅಂದಳು ಇರ್ಮಾ.

ನಮ್ಮ ಮನೆಯಲ್ಲಿರುವ ಜೂರಾ ಎಲ್ಲಿಗೂ ಹೋಗಬೇಕಾಗಿಲ್ಲ, ಹೋಗುವುದು ಹಾಲ್‌ನಲ್ಲಿದ್ದವರು ಮಾತ್ರ ಅಂತ ನಾನು ವಾದ ಹೂಡಿದೆ. ಆಗ ಅತ್ತೆ ಒಳಗಿನಿಂದ ಹೇಳಿದಳು. ಬುರ್ಮಕಾನ್ ನಿನ್ನೆಯೇ ಗಂಟು ಕಟ್ಟಿ ಇಟ್ಟಿದ್ದಾಳಂತೆ. ಊರವರು ಡೇರೆಯಲ್ಲಿದ್ದರೆ ಹಿರಿಯಳು ಬೆಚ್ಚಗೆ ಮಲಗುವುದು ಅವರಲ್ಲಿ ನಾಚಿಕೆಯಂತೆ. ಅವಳು ಹೋದರೆ ಸೊಸೆಯೂ ಹೋಗುವಳು. ಜೂರಾಳಿಗೆ ಆಗಲೇ ಎಂಟು ತಿಂಗಳು. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂರಲು ಶುರುವಾಗಿತ್ತು.

"ಅದಕ್ಕೆ ನಾನೇನ್ ಮಾಡ್ಲಿ ಅತ್ತೆ, ಅವಳ ಹಟ ಅವಳಿಗೆ," ಅಂದೆ. ಆ ವಾರ ನಮ್ಮ ಮನೆಯಲ್ಲಿ ಉಪ್ಪು ಕೊಡು, ರೊಟ್ಟಿ ಕೊಡು ಅನ್ನುವುದರ ಆಚೆ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ.

ಶನಿವಾರ ನಾನು ರೊಟ್ಟಿ ಸುಡುವ ದಿನ. ಎಂಟು ರೊಟ್ಟಿ ಒಲೆಯಿಂದ ತೆಗೆದು ಅಂಗಳದ ಮೇಜಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆ. ತಿರುಗಿ ನೋಡಿದರೆ ಜೂರಾ ನಿಂತಿದ್ದಾಳೆ. ನೀರಿಗೆ ಬಂದವಳು ನೀರು ಮರೆತು ಆ ಬಟ್ಟೆಯನ್ನೇ ನೋಡುತ್ತಿದ್ದಾಳೆ. ಬಸುರಿಯ ನೋಟ ನನಗೆ ಗೊತ್ತಾಗುವುದಿಲ್ಲವೇ. ಒಂದು ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ಕೈಗೆ ತುರುಕಿದೆ. ನಿಂತಲ್ಲೇ ತಿಂದಳು. ಇನ್ನೊಂದು ತುಂಡು ಕೊಟ್ಟೆ, ಅದನ್ನೂ ತಿಂದಳು. ನಾಲ್ಕು ತಿಂದಳು, ಗಲ್ಲಕ್ಕೆಲ್ಲ ಬೆಣ್ಣೆ.

"ನನ್ನ ಕೈಯಿಂದ ತಿನ್ನೋಕೆ ಬರತ್ತೆ ಹಾಗಾದ್ರೆ," ಅಂದೆ. "ಮತ್ತೆ ಅವತ್ತು ಹಾಲ್‌ನಲ್ಲಿ ಯಾಕೆ ಎಲ್ರೂ ಎದ್ದು ಹೋದ್ರಿ? ಕೋಳಿ ಸಾರು ಅದು, ಕೋಳಿ. ನನ್ನ ಮನೇದು."

ಅವಳು ಬಾಯಿ ಒರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಕೂತಿರೋಕೆ ಹೇಗಾಗತ್ತೆ ಅಕ್ಕ. ನೀವೇ ಮುಗಿಸಿಬಿಟ್ರಲ್ಲ."

"ಏನ್ ಮುಗಿಸಿದ್ವಿ?"

"ಊಟಾನ. ನಿಮ್ಮ ಹಿರಿಯರು ಪ್ರಾರ್ಥನೆ ಮಾಡಿ ಆಮೆನ್ ಅಂದ್ರು. ನಮ್ಮಲ್ಲಿ ಅದು ಕೊನೇಲಿ. ಓಮಿನ್ ಅಂತ ಮುಖ ಸವರಿಕೊಂಡ ಮೇಲೆ ಯಾರೂ ತಟ್ಟೆ ಮುಟ್ಟಲ್ಲ, ಎದ್ದು ಹೋಗ್ಬೇಕು. ನನ್ನ ಕೈಲಿ ರೊಟ್ಟಿ ಇತ್ತು. ಅತ್ತೆ ಕಣ್ಣು ಬಿಟ್ರು. ಮತ್ತೆ ಅಲ್ಲೇ ಇಟ್ಟೆ."

ಅವರೇನು ಅಂದುಕೊಂಡರು ಅಂತಲೂ ಅವಳೇ ಹೇಳಿದಳು. ಇವರಿಗೂ ಇಷ್ಟು ಜನರಿಗೆ ಹಾಕುವ ಶಕ್ತಿಯಿಲ್ಲ, ಮರ್ಯಾದೆಗೆ ಮೇಜು ತುಂಬಿಸಿ ತೋರಿಸಿದ್ದಾರೆ, ಅಷ್ಟೇ ದೊಡ್ಡದು, ಈ ಮಾತು ಯಾರೂ ಎತ್ತಬಾರದು ಅಂತ ಬುರ್ಮಕಾನ್ ಎಲ್ಲರಿಗೂ ಹೇಳಿದ್ದಳಂತೆ. ಗುಡ್ಡದ ಮೇಲೆ ಎರಡು ದಿನ ಮೊಸರಿನ ಒಣ ಉಂಡೆ ಚೀಪಿಕೊಂಡು ಇದ್ದು ಬಂದವರು ಅವರು.

"ನಾನು ಕೊಟ್ಟ ಕರಿದ ಪಟ್ಟಿ?" ಅಂದೆ.

"ಒಂದೂ ಉಳಿಲಿಲ್ಲ. ಅತ್ತೆನೇ ಆರು ತಿಂದ್ರು. ಬಂದ ತಟ್ಟೆ ಖಾಲಿ ಕಳಿಸಬಾರದು ಅಂತ ನಾವೂ ಮಾಡಿ ಕಳಿಸಿದ್ವಿ." ನೀರಿನ ಕೊಡ ಎತ್ತಿಕೊಳ್ಳುತ್ತ ಸೇರಿಸಿದಳು. "ನಿಮ್ಮ ಕೋಳಿಗಳಿಗೆ ಇಷ್ಟ ಆಯ್ತು."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಬಿಡುತ್ತಿರಲಿಲ್ಲ. ಅವತ್ತು ಬೆಂಚಿನ ಮೇಲೆ ಕೂತೆ.

ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅತ್ತೆ ಮೊದಲು ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ಉಣ್ಣೆಯ ಉಂಡೆ ತೆಗೆದು ನನ್ನ ಮೇಲೆ ಎಸೆದಳು.

"ಹಂದಿ ಹಂದಿ ಅಂತ ಬಂದು ನನಗೂ ಹಂದಿ ಕಥೆ ಹೇಳಿದ್ಯಲ್ಲೇ. ಮುದುಕಿ ಮುಖ ಸವರಿಕೊಂಡಳು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಹೇಳ್ತಿದ್ದೆ. ನಿಮ್ಮ ತಲೆಲಿ ಪಾತ್ರೆ ಬಿಟ್ರೆ ಬೇರೆ ಏನೂ ಇರಲಿಲ್ಲ."

ಅದು ನಿಜ. ಪಾತ್ರೆಯ ಬಗ್ಗೆ ನಮಗೆ ಮೊದಲೇ ಅಳುಕಿತ್ತು. ಅದಕ್ಕೇ ಬೇರೆ ಏನೂ ಕಾಣಲಿಲ್ಲ. ನಾನು ದೂರದ ಓಮ್ಸ್ಕ್‌ನಿಂದ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಈ ಜನರ ಕಾಲುವೆಯ ನೀರು ಕುಡಿದಿದ್ದೇನೆ, ಅವರಿಂದ ಹುಲ್ಲು ಕೊಂಡಿದ್ದೇನೆ, ಅವರ ಮೇಲೆ ಬಕೆಟ್ ಎಸೆದಿದ್ದೇನೆ. ಒಂದು ದಿನ ಅವರ ಊಟಕ್ಕೆ ಕೂತಿರಲಿಲ್ಲ.

ಭಾನುವಾರ ಬಾಗಿಲು ಮುಚ್ಚಿದ ಮೇಲೆ ಅಬ್ರಾಮ್ ವಿಷಯ ಓದಿದ. ಕಳಿಸಬೇಕು ಅನ್ನುವವರು ಕೈ ಎತ್ತಿ ಅನ್ನುವಷ್ಟರಲ್ಲಿ ನಾನು ಎದ್ದು ನಿಂತೆ. ನನಗೆ ಚೆನ್ನಾಗಿ ಮಾತಾಡಲು ಬರುವುದಿಲ್ಲ, ನಮ್ಮೂರ ಶಾಲೆಯಲ್ಲಿ ಅದನ್ನು ಕಲಿಸಿರಲಿಲ್ಲ.

"ಅವರು ನಮ್ಮ ಊಟ ಬಿಟ್ಟು ಹೋಗ್ಲಿಲ್ಲ, ನಾವೇ ಎಬ್ಬಿಸಿದ್ದು," ಅಂದೆ. ಜೂರಾ ಹೇಳಿದ್ದನ್ನು ಹಾಗೇ ಹೇಳಿದೆ. "ಎರಡು ದಿನ ಉಪವಾಸ ಇದ್ದ ಬಸುರಿ ಕೈಲಿದ್ದ ರೊಟ್ಟಿ ವಾಪಸ್ ಇಟ್ಟಿದಾಳೆ. ಅದಾದ ಮೇಲೆ ಮೂರು ವಾರ ನಾವು ಅವರಿಗೆ ಹೆಸರು ಇಟ್ಕೊಂಡು ಓಡಾಡಿದೀವಿ. ಎಲ್ಲರಿಗಿಂತ ಹೆಚ್ಚು ನಾನೇ."

ಅಬ್ರಾಮ್‌ನ ಮುಖ ಬೀಟ್ರೂಟ್ ಬಣ್ಣಕ್ಕೆ ತಿರುಗಿತ್ತು. "ನನ್ನ ಪ್ರಾರ್ಥನೆ..." ಅಂತ ಏನೋ ಹೇಳಲು ಹೋದ.

"ನಿಮ್ಮ ಪ್ರಾರ್ಥನೆ ಉದ್ದ, ಸಹೋದರ. ಅದು ಬೇರೆ ವಿಷಯ, ಇನ್ನೊಂದಿನ ಮಾತಾಡೋಣ," ಅಂದೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬಳು ಕೇಳಿದಳು, ಹಾಗಾದರೆ ಇರ್ಮಾಳ ಮದುವೆ ಎಲ್ಲಿ ಅಂತ.

"ಹಾಲ್‌ನಲ್ಲೇ. ಅವರೂ ಇರ್ತಾರೆ. ಎಪ್ಪತ್ತು ಜನ ಜಾಸ್ತಿ ಕರೆದೆ ಅನ್ಕೊಳ್ಳಿ."

ಕಳಿಸಲು ಮೂರು ಕೈ ಎದ್ದವು. ನನ್ನ ಗಂಡ ಕೈ ಎತ್ತದೆ ನನ್ನನ್ನೇ ನೋಡುತ್ತಿದ್ದ, ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ. ಮುಂದೆ ನೋಡು ಅಂತ ಮೊಣಕೈಯಿಂದ ತಿವಿದೆ.

ಮದುವೆಯ ದಿನ ಅಷ್ಟು ಜನಕ್ಕೆ ಬೆಂಚು ಸಾಲಲಿಲ್ಲ. ಬುರ್ಮಕಾನ್ ಹೆಂಗಸರನ್ನು ಕೂಡಿಸಿ, ತೊಳೆದು ಹಿಂಜಿ ಮತ್ತೆ ಹೊಲಿದ ಹಾಸಿಗೆಗಳನ್ನು ಗೋಡೆಯುದ್ದಕ್ಕೂ ನೆಲದಲ್ಲಿ ಹಾಸಿಸಿದಳು. ನಡುವೆ ಉದ್ದ ಬಟ್ಟೆ ಹರಡಿದರು. ಕುರಿ ಕೊಯ್ದವನು ತೊಕ್ತೊಸುನ್, ತನ್ನ ಪ್ರಾರ್ಥನೆ ತಾನು ಹೇಳಿ. ಕಾಲು ಹಿಡಿದವನು ಕೊರ್ನೇಯ್. ಆಗಲೂ ನೀರಿನ ಮಾತೇ. ಮದುವೆಯಲ್ಲಿ ಹಂದಿಯ ತೊಡೆ ಇಲ್ಲದ್ದನ್ನು ವಿಲ್ಲಿಯ ದೊಡ್ಡಪ್ಪ ಮೂರು ಸಲ ಕೇಳಿದ. ನೆಲಕ್ಕೆ ಕೂರಲು ಮಂಡಿ ಮಡಚದೆ ಒದ್ದಾಡಿದ ಅವನನ್ನು ಇಬ್ಬರು ಕಿರ್ಗಿಜ್ ಮುದುಕರು ದಿಂಬು ಕೊಟ್ಟು ಇಳಿಸಿದರು. ಆಮೇಲೆ ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಬೀಗಿತ್ತಿ ಮೊದಲು ಮೂಗು ಮುರಿದಳು. ಸ್ವಲ್ಪ ಹೊತ್ತಿಗೆ ಜೂರಾಳ ಹೊಟ್ಟೆಯ ಮೇಲೆ ಕೈಯಿಟ್ಟು ಹೆಣ್ಣೋ ಗಂಡೋ ಅಂತ ಬಾಜಿ ಕಟ್ಟುತ್ತಿದ್ದಳು.

ಊಟಕ್ಕೆ ಮೊದಲು ಅಬ್ರಾಮ್ ಎದ್ದು ನಿಂತ. ಅವನು ಬುರ್ಮಕಾನ್ ಕಡೆ ತಿರುಗಿ, ಅವರು ಹಿರಿಯ ಹೆಂಗಸರನ್ನು ಕರೆಯುವ ಹಾಗೆಯೇ ಕರೆದು, "ಆಪಾ, ಇದು ಶುರು ಮಾಡೋದು. ಮುಗಿಸೋದು ನಿಮಗೆ ಬಿಟ್ಟಿದ್ದು," ಅಂದ. ಅವಳು ತಲೆಯಾಡಿಸಿದಳು. ಅವನ ಪ್ರಾರ್ಥನೆ ಅಂದು ಎರಡೇ ವಾಕ್ಯ. ನಮ್ಮ ಸಭೆಯಲ್ಲಿ ಅಂಥದ್ದನ್ನು ನಾನು ಮತ್ತೆ ಕೇಳಿಲ್ಲ.

ತಿಂದರು. ದೇವರೇ, ಎಂಥ ಊಟ ತಿಂದರು. ನಾನು ಕೆಟಲ್ ಹಿಡಿದು ಬಟ್ಟಲಿಗೆ ಅರ್ಧ ಅರ್ಧವೇ ಚಹಾ ಹಾಕುತ್ತ ಹೋದೆ. ತುಂಬಿಸಿದರೆ ಇನ್ನು ಹೊರಡು ಅಂದ ಹಾಗೆ ಅವರಲ್ಲಿ, ಅದನ್ನು ಅತ್ತೆ ಹೇಳಿಕೊಟ್ಟಿದ್ದಳು. ಹಾಡು ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ಬುರ್ಮಕಾನ್ ಎರಡು ಅಂಗೈ ಬಿಡಿಸಿ ಮೇಲೆತ್ತಿದಳು. ನಾನು ಹೋಗಿ ಆ ಕೈಯಲ್ಲಿ ಬಟ್ಟಲಿಟ್ಟೆ.

"ಇನ್ನೂ ಬೇಡ ಆಪಾ. ಒಂದು ಅರ್ಧ."

ಕುಡಿದಳು. ಮತ್ತೆ ಕೈ ಎತ್ತಿದಳು. ಇರ್ಮಾ ಮದುಮಗಳ ಬಟ್ಟೆಯಲ್ಲೇ ಓಡಿ ಬಂದು ಇನ್ನರ್ಧ ಹಾಕಿದಳು. ಮೂರನೆಯ ಸಲ ಅತ್ತೆ ಹಾಕಿದಳು, ಕುರ್ಚಿಯಿಂದ ಬಾಗಿ. "ನನ್ನ ಹೊಟ್ಟೆ ಚಹಾದಲ್ಲಿ ತೇಲ್ತಿದೆ, ಬಿಡಿ ನನ್ನ," ಅಂದಳು ಮುದುಕಿ. ಆಮೇಲೆಯೇ ಅವಳಿಗೆ ಹರಸಲು ಬಿಟ್ಟದ್ದು. ಇರ್ಮಾಳಿಗೂ ವಿಲ್ಲಿಗೂ ಬಹಳ ಹೊತ್ತು ಹರಸಿದಳು, ಅಬ್ರಾಮ್‌ಗಿಂತ ಉದ್ದ. ನಾವೂ ಮುಖ ಸವರಿಕೊಂಡೆವು, ಬಂದ ಹಾಗೆ.

ಮರದ ಮನೆಗಳು ನವೆಂಬರ್ ಮೊದಲ ವಾರ ಬಂದವು. ಅಷ್ಟರಲ್ಲಿ ನಮ್ಮ ಬೇಸಿಗೆ ಅಡುಗೆಮನೆಯಲ್ಲಿ ಜೂರಾಳ ಹೆಣ್ಣುಮಗು ಹನ್ನೆರಡು ದಿನದ್ದಾಗಿತ್ತು. ಹೊರಡುವ ದಿನ ಒಂದೇ ಮೇಜಿಗೆ ಎಲ್ಲರೂ ಕೂತೆವು. ಕೊರ್ನೇಯ್ ಪ್ರಾರ್ಥಿಸಿದ, ತಿಂದೆವು, ಟ್ರ್ಯಾಕ್ಟರ್ ಹೊರಗೆ ಗುರುಗುಡುತ್ತಿತ್ತು. ಬುರ್ಮಕಾನ್ ಕೈ ಎತ್ತುವುದನ್ನು ಕಾದೆವು. ಅವಳು ಎತ್ತಲಿಲ್ಲ. ಬಟ್ಟಲಲ್ಲಿ ಚಹಾ ಹಾಗೇ ಬಿಟ್ಟು ಎದ್ದು ನನ್ನ ಕೆನ್ನೆ ಹಿಂಡಿದಳು. ಆ ಹಿಡಿತಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

"ಆಪಾ, ಓಮಿನ್ ಹೇಳ್ಲಿಲ್ಲ ನೀವು," ಅಂದಳು, ಬೀಳ್ಕೊಡಲು ಗಂಡನ ಮನೆಯಿಂದ ಬಂದಿದ್ದ ಇರ್ಮಾ.

"ಗೊತ್ತು," ಅಂದಳು ಅವಳು, ಟ್ರೈಲರ್ ಹತ್ತಿ ಕೂತು.

ಜುಲೈ ಬಂತು. ತೊಕ್ತೊಸುನ್ ನಮ್ಮ ಸರದಿಯ ದಿನವೇ ಮತ್ತೆ ತೂಬು ಮುಚ್ಚಿದ. ನಾನು ಬಕೆಟ್ ಹಿಡಿದು, ಬಿಸಿಲಲ್ಲಿ ಬೈಯುತ್ತ ಮೇಲಿನ ಊರಿಗೆ ಹತ್ತಿದೆ. ಅವನು ನನ್ನನ್ನು ಕಂಡದ್ದೇ ಮನೆಯ ಹಿಂದಕ್ಕೆ ಓಡಿದ. ಬಾಗಿಲಲ್ಲಿ ಬುರ್ಮಕಾನ್ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಕೈಯ ಬಕೆಟ್ ನೋಡಿದಳು, ಮುಖ ನೋಡಿದಳು.

"ಅವನನ್ನ ಆಮೇಲೆ ಹೊಡಿ," ಅಂದಳು. "ಬಾ ಕೂತ್ಕೋ. ನಮ್ಮ ಊಟ ಇನ್ನೂ ಮುಗಿದಿಲ್ಲ."

ಬಕೆಟ್ ಹೊರಗಿಟ್ಟು ಒಳಗೆ ಹೋದೆ.